ಸೋಸದೆ ಒಯ್ದ ತವರಿನ ನೀರು

ನಮ್ಮ ಕಡೆ ಯಾರನ್ನು ಕೇಳಿದರೂ ಸೊಳ್ಳೆಮೀನಿನ ಕಥೆಯನ್ನು ಒಂದೇ ತೆರನಾಗಿ ಹೇಳುತ್ತಾರೆ. ಸರಕಾರದವರು ಆಳಂದದ ಬಾವಿಗಳಲ್ಲಿ ಮೀನು ಬಿಟ್ಟರು. ಮಳೆಗಾಲದಲ್ಲಿ ಬಾವಿ ತುಂಬಿ ಹಳ್ಳಕ್ಕೆ ಹರಿಯಿತು. ಹಳ್ಳ ಅಮರ್ಜಾ ಹೊಳೆಗೆ, ಅಮರ್ಜಾ ಭೀಮೆಗೆ. ಹೀಗೆ ಮೀನು ಮಹಾಪೂರದ ಜೊತೆ ಅಫಜಲಪುರ ದಾಟಿ ಜೇವರ್ಗಿ ಮುಟ್ಟಿತು. ಕೇಳಲು ಚೆನ್ನಾಗಿದೆ. ನೀರು ಇಳಿದಲ್ಲಿ ಮೀನೂ ಇಳಿಯುತ್ತದೆ, ಇದರಲ್ಲಿ ತಕರಾರು ಏನು?

ನನಗೆ ತಕರಾರಿದೆ. ಗೊಬ್ಬೂರಿನ ಹತ್ತಿರ ನಮ್ಮ ಸೋದರತ್ತೆಯ ಊರು ದಿಬ್ಬದ ಮೇಲಿದೆ. ಅವಳ ಹಿತ್ತಲ ಬಾವಿಯವರೆಗೆ ಯಾವ ಹೊಳೆಯೂ ಹತ್ತಿ ಬಂದದ್ದಿಲ್ಲ. ಹಾಗಾದರೆ ಮೀನು ಹೇಗೆ ಹತ್ತಿತು? ಇನ್ನು ಹೊಳೆಯ ಮಾತು. ಈಗ ದಂಡೆಯ ತಿಳಿನೀರಿನಲ್ಲಿ ಎಲ್ಲೆಲ್ಲೂ ಅವೇ ಇವೆ, ಒಪ್ಪುತ್ತೇನೆ. ಆದರೆ ಮೊದಲು ಕಂಡದ್ದು ಗಾಡಿಗಳು ಹೊಳೆ ದಾಟುವ ಜಾಗದಲ್ಲಿ, ನಡುವಿನ ಮಡುಗಳಲ್ಲಿ ಅಲ್ಲ. ಮಹಾಪೂರಕ್ಕೆ ಗಾಡಿದಾರಿ ಗೊತ್ತಿರುತ್ತದೆಯೇ?

ಹೀಗೆ ಕೇಳುವುದು ನನಗೆ ಕಲಬುರಗಿಯ ಬೋರ್ಡಿಂಗಿನಲ್ಲಿ ಅಂಟಿದ ಚಟ. ಶುಕ್ರವಾರ ಶಾಲೆಗೆ ಸೂಟಿ; ಅಂದು ಅಲ್ಲಿ ಉರ್ದುವಿನಲ್ಲಿ ವಾದ ನಡೆಯುತ್ತಿತ್ತು. ಎದುರಿನವನ ಮಾತಿನಲ್ಲಿ ಮೊದಲು ಕಾಲ ನೋಡು, ಆಮೇಲೆ ಜಾಗ ನೋಡು, ಎಂದು ಮೇಷ್ಟ್ರು ಕಲಿಸಿದ್ದರು. ಮನೆಯವರು ನನ್ನನ್ನು ವಕೀಲನೆಂದು ಆಡಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆ ಎಂದರೂ, ಸಾಕ್ಷಿ ಕರೆಸು ಎನ್ನುತ್ತಿದ್ದಳು ಅಕ್ಕ.

ಮೀನು ಬಂದದ್ದು ಚಳಿಜ್ವರದ ದೆಸೆಯಿಂದ. ಕಡಗಂಚಿಯ ಹತ್ತಿರದ ನಮ್ಮೂರಿಗೆ ಇಬ್ಬರು ತಗಡಿನ ಡಬ್ಬಿ ಹೊತ್ತು ಬಂದು, ಒಂದೊಂದು ಬಾವಿಗೂ ಒಂದಿಷ್ಟು ಸುರಿದು ಹೋದರು. ಕಿರುಬೆರಳಿಗಿಂತ ಚಿಕ್ಕವು, ಬೂದಿ ಬಣ್ಣ, ಹೆಣ್ಣುಗಳ ಹೊಟ್ಟೆ ಸದಾ ಉಬ್ಬಿರುವುದು. ತತ್ತಿ ಇಡದೆ ಮರಿಯನ್ನೇ ಹಾಕುತ್ತವೆಂದು ತಿಳಿದ ಮೇಲೆ ಅವ್ವನಿಗೆ ಅವುಗಳ ಮೇಲೆ ಮಮತೆ ಹುಟ್ಟಿತು. ಬಸುರಿಯರಿರುವ ಬಾವಿ ಎಂದು ಕೊಡವನ್ನು ಸಪ್ಪಳವಾಗದಂತೆ ಬಿಡುತ್ತಿದ್ದಳು. ಅವು ಸೊಳ್ಳೆಯ ಹುಳ ತಿಂದವು, ನಿಜ. ಜೊತೆಗೆ ಬಾವಿಯ ಹಳೆಯ ಮೀನುಗಳ ಬಾಲ ಕಚ್ಚಿದವು, ಅವುಗಳ ಮರಿ ತಿಂದವು. ಬೆನ್ನ ಮೇಲೆ ಬಂಗಾರದ ಗೆರೆಯಿದ್ದ ಆ ಹಳೆಯವು ನಮ್ಮಲ್ಲಿ ಒಂದೂ ಉಳಿಯಲಿಲ್ಲ.

ನಮ್ಮ ಸೀಮೆಯಲ್ಲಿ ಬಾವಿಯ ನೀರಿನಿಂದ ಹತ್ತುವ ನಾರುಹುಣ್ಣಿನ ಹೆದರಿಕೆ ಬಹಳ. ಕುಡಿಯುವ ನೀರನ್ನು ಮಡಿಸಿದ ಅರಿವೆಯಲ್ಲಿ ಸೋಸದೆ ಯಾವ ಹೆಂಗಸೂ ಮಣ್ಣಿನ ಹರವಿಗೆ ಹಾಕುವುದಿಲ್ಲ. ಒಂದು ಕೊಡ ಮಾತ್ರ ಇದಕ್ಕೆ ಹೊರತು. ಮದುವೆಯಾದ ಮಗಳು ಮೊದಲ ಸಲ ಗಂಡನ ಮನೆಗೆ ನಡೆಯಲು, ಅಂದರೆ ಬಾಳಲು, ಹೋಗುವಾಗ ತವರಿನ ಬಾವಿಯ ನೀರನ್ನು ಕೊಡದಲ್ಲಿ ಒಯ್ದು ಆ ಮನೆಯ ಬಾವಿಗೆ ಸುರಿಯುತ್ತಾಳೆ. ಅಲ್ಲಿಂದ ಮುಂದೆ ಆ ನೀರು ಅವಳಿಗೆ ಪರಕೀಯವಲ್ಲ. ದಾರಿಯಲ್ಲಿ ಹೊಳೆ ಅಡ್ಡ ಬಂದರೆ ಅದಕ್ಕೂ ಒಂದು ಬೊಗಸೆ. ಈ ನೀರನ್ನು ಸೋಸುವಂತಿಲ್ಲ. ಸೋಸಿದರೆ ತವರಿನ ಮೇಲೆ ಸಂಶಯಪಟ್ಟಂತೆ.

ಅಕ್ಕನನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದೆವು. ಬೇಸಿಗೆಯಲ್ಲಿ ಅವಳು ನಡೆಯಲು ಹೋದಾಗ ಗಾಡಿಯಲ್ಲಿ ನಾನೂ ಇದ್ದೆ. ಅಮರ್ಜಾ ದಾಟುವಾಗ ಅವಳು ಕೊಡದಿಂದ ಬೊಗಸೆ ತುಂಬಿ ಹೊಳೆಗೆ ಬಿಟ್ಟಳು. ಈ ನೀರಿಗೆ ಆ ನೀರಿನ ಗುರುತು ಸಿಗುತ್ತದೆಂಬುದಕ್ಕೆ ಪುರಾವೆ ಏನು ಎಂದು ಕೇಳಿದೆ. ಅಳುತ್ತಿದ್ದವಳು ನಕ್ಕುಬಿಟ್ಟಳು. ಕೊಡದೊಳಗೆ ನಾವಿಬ್ಬರೂ ನೋಡಲಿಲ್ಲ.

ಅತ್ತೆಯ ಬಾವಿಯಲ್ಲೂ ಬಂಗಾರದ ಗೆರೆಯ ಮೀನುಗಳಿದ್ದವು. ತಾನು ಮದುಮಗಳಾಗಿ ನಮ್ಮ ಮನೆಯಿಂದ ತಂದ ಕೊಡದಲ್ಲಿ ಅವು ಬಂದವೆಂದು ಅವಳು ಹೇಳುತ್ತಿದ್ದಳು. ದಿನವೂ ಮೊದಲ ರೊಟ್ಟಿಯ ತುಂಡು ಅವುಗಳಿಗೆ. ತವರಿನ ಬಾವಿಯಲ್ಲಿ ಅವು ಇಲ್ಲವಾದವೆಂದು ನಮ್ಮಪ್ಪ ಹೇಳಿದಾಗ, ಇರಲಿ, ನನ್ನ ಹತ್ತಿರವಾದರೂ ಇವೆಯಲ್ಲ, ಎಂದಿದ್ದಳು.

ಮುಂದಿನ ವರ್ಷದ ಬೇಸಿಗೆ ಸೂಟಿಗೆ ಅತ್ತೆಯ ಮನೆಗೆ ಹೋದಾಗ ಅಕ್ಕ ನನ್ನನ್ನು ನೇರವಾಗಿ ಬಾವಿಯ ಮೆಟ್ಟಿಲಿಗೆ ಕರೆದೊಯ್ದಳು. ನೀರಿನ ತುಂಬ ಬೂದಿ ಬಣ್ಣದವು. ಬಂಗಾರದ ಗೆರೆ ಎಲ್ಲೂ ಇಲ್ಲ.

"ನನ್ನ ಕೊಡದಾಗ ಬಂದಾವೋ ತಮ್ಮಾ," ಎಂದಳು. "ಅತ್ತಿಗಿ ತಿಳೀತಂದ್ರ ಈ ಮನ್ಯಾಗ ನಾ ಹ್ಯಾಂಗ ಮಾರಿ ಎತ್ತಿ ಓಡಾಡ್ಲಿ? ನೀ ಇಲ್ಲಿ ವಾದಾ ಹೂಡಬ್ಯಾಡ."

ನಾನು ಮಾತು ಕೊಟ್ಟೆ. ಅದನ್ನು ಉಳಿಸಿಕೊಳ್ಳುವುದು ಅದೇ ಮಧ್ಯಾಹ್ನ ಕಷ್ಟವಾಯಿತು. ಅಂಗಳದಲ್ಲಿ ನೆರೆಯ ಹೆಂಗಸರು ಕೂತಿದ್ದಾಗ ಯಾರೋ ಮೀನಿನ ಮಾತು ತೆಗೆದರು. ಹೊಳೆ ಏರಿ ಬಂದಾಗ ಸೇರಿದವು, ಸೊಸೆ ನಡೆಯಲು ಬರುವ ಮೊದಲೇ, ಎಂದಳು ಅತ್ತೆ. ಹೆಂಗಸರು ಹೌದ್ರಿ, ಹೌದ್ರಿ ಎಂದರು. ಆ ಓಣಿಯಲ್ಲಿ ಅವಳಿಗೆ ಎದುರಾಡುವವರಿಲ್ಲ. ನನ್ನ ನಾಲಿಗೆ ತುರಿಸಿತು. ಹೊಳೆ ಏರಿದ್ದು ಅಕ್ಕ ಬಂದ ಮೇಲಿನ ಮಳೆಗಾಲದಲ್ಲಿ. ಪಂಚಮಿಗೆ ಅವಳನ್ನು ಕರೆಯಲು ಬಂದ ನಾನು ಇಲ್ಲಿಯೇ ಸಿಕ್ಕಿಬಿದ್ದಿದ್ದೆ; ಅಕ್ಕನೂ ನಾನೂ ಮಾಳಿಗೆ ಹತ್ತಿ ನೋಡಿದ್ದೆವು; ನೀರು ಕೆಳಗಿನ ಹೊಲದ ಬದುವಿಗೇ ನಿಂತಿತ್ತು. ಕಾಲವೂ ತಪ್ಪು, ಜಾಗವೂ ತಪ್ಪು. ಇಷ್ಟು ಸುಲಭವಾಗಿ ಗೆಲ್ಲಬಹುದಾದ ವಾದ ನನಗೆ ಬೋರ್ಡಿಂಗಿನಲ್ಲೂ ಸಿಕ್ಕಿರಲಿಲ್ಲ. ಅಕ್ಕ ಜೋಳ ಹಸನು ಮಾಡುತ್ತಿದ್ದ ಮೊರ ನಿಲ್ಲಿಸಿ ನನ್ನನ್ನು ನೋಡಿದಳು. ಅತ್ತೆಗೆ ವಯಸ್ಸಾಯಿತು, ನೆನಪು ತಪ್ಪುತ್ತಿದೆ, ಎಂದುಕೊಂಡು ನಾನು ನೀರು ಕುಡಿಯಲು ಎದ್ದು ಹೋದೆ.

ಆ ಸೂಟಿಯಲ್ಲಿಯೇ ಅತ್ತೆಯ ಮಗಳು ಜೇವರ್ಗಿಯ ಕಡೆಯ ಗಂಡನ ಮನೆಗೆ ಹೊರಟಳು. ಭೀಮೆ ದಾಟಿ ಹೋಗಬೇಕು. ಗಾಡಿ ಹೂಡಿ ನಿಂತಿತ್ತು, ಹೆಂಗಸರು ಸುತ್ತ ನೆರೆದಿದ್ದರು. ಅತ್ತೆ ತಾನೇ ಬಾವಿಗಿಳಿದು ಕೊಡ ತುಂಬಿ ತಂದಳು. ಅದರ ಬಾಯಿಗೆ ಅರಿವೆ ಕಟ್ಟುವ ಮೊದಲು ಒಳಗೆ ನೋಡಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಆಗ ಅಕ್ಕ ಮುಂದೆ ಬಂದಳು. "ಅತ್ತಿ, ಸೋಸಿ ಕೊಡೂಣು."

ಗದ್ದಲ ನಿಂತಿತು. ಇದ್ಯಾವ ಆಳಂದದ ಪದ್ಧತಿ ಎಂದು ಒಬ್ಬಳು ನಕ್ಕಳು. ಸೋಸುವಂಥಾದ್ದು ಅದರಲ್ಲಿ ಏನಿದೆ ಎಂದು ಮತ್ತೊಬ್ಬಳು ಕೇಳಿದಳು, ಅವಳು ನಗಲಿಲ್ಲ. ಅಕ್ಕನ ತುಟಿ ಅಲುಗಿದವು. ನಾದಿನಿಯ ಹೊಸ ಬಾವಿಯನ್ನು ಉಳಿಸಲು ಅವಳು ತನ್ನ ಕೊಡದ ಸಂಗತಿಯನ್ನು ಅಷ್ಟೂ ಮಂದಿಯ ಎದುರು ಹೇಳಿಬಿಡುವವಳಿದ್ದಳು. ನನಗೆ ಅದು ಕಂಡಿತು. ಏನಾದರೂ ಅಡ್ಡ ಮಾತು ಆಡಬೇಕೆಂದು ನಾನು ಹೆಂಗಸರ ನಡುವೆ ಜಾಗ ಮಾಡಿಕೊಂಡು ಮುಂದೆ ಬಂದೆ.

ಅತ್ತೆ ಅರಿವೆಯನ್ನು ಬಿಗಿದು ಗಂಟು ಹಾಕಿದಳು.

"ತವರ ನೀರ ಯಾರ ಸೋಸ್ತಾರಬೇ ಹುಚ್ಚಿ? ನೀ ತಂದಾಗ ನಾ ಸೋಸಿದ್ನೇನು?"

ಹೆಂಗಸರು ನಕ್ಕರು. ಅತ್ತೆ ಕೊಡವನ್ನು ಮಗಳ ತೊಡೆಯ ಮೇಲಿಟ್ಟು, ಹಿಂದೆ ಬಂದು ಅಕ್ಕನ ಹೆಗಲು ಹಿಡಿದು ನಿಂತಳು. ಗಾಡಿ ಹೊರಟಿತು. ಮುಂದೆ ಭೀಮೆಯಲ್ಲಿ ದೋಣಿ ಹತ್ತುವ ದಂಡೆಯಲ್ಲಿಯೂ, ಜೇವರ್ಗಿಯ ಆ ಊರಿನ ಬಾವಿಯಲ್ಲಿಯೂ ಬೂದಿ ಬಣ್ಣದ ಮೀನು ಕಂಡವು. ಜನ ಮಹಾಪೂರ ಎಂದರು.

ಗಾಡಿ ಹೊರಟ ದಿನದ ಸಂಜೆ ಅತ್ತೆ ಬಾವಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದು ಹಾಕುತ್ತಿದ್ದಳು. ಹೊಸವು ಮುಗಿಬಿದ್ದು ತಿನ್ನುತ್ತಿದ್ದವು. ಹಳೆಯವಕ್ಕೆ ಹಾಕುತ್ತಿದ್ದಷ್ಟೇ ಸಣ್ಣ ಚೂರುಗಳು, ಅದೇ ನಿಧಾನ. ನಾನು ಒಂದು ಮೆಟ್ಟಿಲು ಕೆಳಗೆ ಕೂತೆ. ಮೇಲೆ ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಯಾಕಲೇ ವಕೀಲಾ, ಇವತ್ತ ಬಾಯಿ ಕಟ್ಟೇದ?" ಎಂದಳು.

ಅಕ್ಕನ ಮೇಲೆ ಮಾತು ಬಾರದಿರಲೆಂದು ಹೊಳೆಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿದವಳ ನೆನಪು ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಅಂದಾಜು. ಅಕ್ಕನಿಗೆ ಕೇಳಿಸದಂತೆ ದನಿ ಇಳಿಸಿದೆ.

"ಅತ್ತಿ, ಅಕ್ಕ ತನ್ನ ಕೊಡಾ ಈ ಬಾವಿಗಿ ಸುರಿವಾಗ ನೀ ಬಾಜೂಕ ನಿಂತಿದ್ದಿ. ಅದರಾಗ ಮೀನ ಇದ್ದದ್ದು ನೀ ಅವತ್ತಽ ನೋಡಿದ್ದೇನು?"