ಸರಿದ ಕುರ್ಚಿ

ಕಳೆದ ಶುಕ್ರವಾರದ ಸಂತೆಯಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿಯೊಂದರ ಮುಚ್ಚಳ ತೆಗೆದೆ. ಗಪ್ಪೆಂದು ವಿನೆಗರ್ ವಾಸನೆ... ಹಳೇ ಫಿಲ್ಮ್ ಹಾಳಾದರೆ ಹೀಗೇ ನಾರುತ್ತದೆಂದು ನನಗೆ ಹೇಳಿಕೊಟ್ಟವರು ಕಾಕಾ.

ಗಲ್ಫಿನ ಫರ್ವಾನಿಯಾದಲ್ಲಿ ಆಗ ನನ್ನ ಪಕ್ಕದ ಕೋಣೆಯವರು. ಧಾರವಾಡದ ಕಡೆಯ ಪ್ರೊಜೆಕ್ಟರ್ ಮೆಕ್ಯಾನಿಕ್. ರಜೆಯ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಯ ಬೆಡ್‌ಶೀಟಿನ ಮೇಲೆ ಮೂಕಿ ಕಾಲದ ಚಮತ್ಕಾರದ ಚಿತ್ರ ಬಿಡುತ್ತಿದ್ದರು. ಕೊಂಬಿನ ಸೈತಾನ ಕೈ ಬೀಸಿದರೆ ಹೊಗೆ, ಹುಡುಗಿ ಮಾಯ. ರೆಕ್ಕೆಯ ದೇವದೂತೆ ಬಂದರೆ ಮತ್ತೆ ಹೊಗೆ, ಸೈತಾನ ಮಾಯ. ನಾವು ಚಪ್ಪಾಳೆ ಹೊಡೆಯುತ್ತಿದ್ದೆವು.

"ಹೊಗಿ ಏನ್ ನೋಡ್ತಿಯೋ ತಮ್ಮಾ, ಹಿಂದಿನ ಕುರ್ಚಿ ನೋಡು. ಕ್ಯಾಮೆರಾ ನಿಲ್ಲಿಸಿ ಮಂದಿನ್ನ ಬದಲಿ ಮಾಡ್ಯಾರ. ಕುರ್ಚಿ ಒಂದೀಟು ಸರದಿರ್ತದ" ಎನ್ನುತ್ತಿದ್ದರು ಕಾಕಾ.

ಆ ವರ್ಷವೇ ನಾನು ಕೆಲಸ ಬದಲಿಸಲು ಓಡಾಡುತ್ತಿದ್ದೆ. ಕಾಕಾನ ಊರಿನವನೇ ಆದ ಏಜೆಂಟ್ ಹೊಸ ಕೆಲಸದ ಅರಬ್ಬಿ ಕಾಗದವನ್ನು ಸಾಲು ಸಾಲಾಗಿ ಓದಿ ಹೇಳಿದ. "ಕುಂದರ್ರಿ, ಚಾ ತರ್ತೀನಿ" ಎಂದು ಕಾಗದದ ಸಮೇತ ಒಳಗೆ ಹೋಗಿ ಬಂದ. ನನಗೆ ಅರಬ್ಬಿ ಬಾರದು. ಆದರೆ ಕಾಗದದ ಮೂಲೆಯಲ್ಲಿದ್ದ ಮಡಿಕೆ ಈಗ ಇರಲಿಲ್ಲ. ಪೆನ್ನು ಕೆಳಗಿಟ್ಟೆ.

"ಮೊದಲಿನ ಕಾಗದ ಕೊಡಿ."

ಅವನ ನಗು ನಿಂತಿತು. "ಶಾಣ್ಯಾ ಅದೀರಿ. ಹೊರಗ ಬಾಯಿ ಬಿಟ್ರ ನಿಮ್ಮ ಇಕಾಮಾ ಖಲಾಸ್." ವಾಸದ ಪರವಾನಗಿಯ ಮಾತದು.

ಅವನು ಬದಲಾಯಿಸಿ ತಂದದ್ದು ರಾಜೀನಾಮೆ ಪತ್ರವಂತೆ. ಅದು ಆಮೇಲೆ ತಿಳಿಯಿತು. ಅದಕ್ಕೆ ಹೊಸಬರಿಗೆಲ್ಲ ಹೇಳುತ್ತೇನೆ: ಓದಿಸಿಕೊಂಡ ಕಾಗದದ ಮೇಲಿನ ಬೆರಳು ತೆಗೆಯಬೇಡಿ, ಚಹಾ ಆರಿದರೆ ಆರಲಿ.

ಹೇಳಬೇಕಾಗಿದ್ದವರಿಗೆ ಮಾತ್ರ ಹೇಳಲಿಲ್ಲ.

ಮರುವಾರ ಕಾಕಾ ಇಸ್ತ್ರಿ ಅಂಗಿ ತೊಟ್ಟು ಹೊರಟರು, ತಾವೂ ಕೆಲಸ ಬದಲಿಸಲು ಅದೇ ಏಜೆಂಟನ ಬಳಿಗೆ. "ನಮ್ಮೂರ ಹುಡುಗ, ಭಾಳ ಛಲೋ ಮನಶ್ಯಾ." ನನ್ನ ಇಕಾಮಾ ನವೀಕರಣವಾಗಿ ಇನ್ನೂ ಕೈಸೇರಿರಲಿಲ್ಲ. "ನೋಡಿಕೊಂಡು ಸಹಿ ಮಾಡಿ ಕಾಕಾ" ಎಂದಷ್ಟೇ ಅಂದೆ.

"ನನಗ ಹೇಳ್ತಿಯೇನ್ಲೇ?" ಎಂದು ನಕ್ಕು ಮೆಟ್ಟಿಲಿಳಿದರು. ಎಲ್ಲ ಚಿತ್ರದಲ್ಲೂ ಕುರ್ಚಿ ನೋಡುವ ಮನುಷ್ಯ, ಊರಿನವನ ಮುಖ ನೋಡುತ್ತಲೇ ಸಹಿ ಹಾಕಿದರು. ಆ ರಾಜೀನಾಮೆ ಹಿಡಿದು ಕಂಪನಿಯವರು ತಿಂಗಳೊಳಗೆ ಅವರನ್ನು ಊರಿಗೆ ಕಳಿಸಿಬಿಟ್ಟರು. ವಿಮಾನ ನಿಲ್ದಾಣಕ್ಕೂ ನಾನು ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ಯಾರೋ ಬಸ್ಸಿನಲ್ಲಿ ಹೇಳಿದರು...

ಸಂತೆಯಲ್ಲಿ ಆ ಡಬ್ಬಿಯ ಫಿಲ್ಮ್ ಸುರುಳಿಯನ್ನು ಬಿಸಿಲಿಗೆ ಹಿಡಿದೆ. ಒಂದು ಚೌಕದಲ್ಲಿ ಸೈತಾನ. ಮುಂದಿನದರಲ್ಲಿ ಬರೀ ಕುರ್ಚಿ, ಒಂದಿಷ್ಟು ಸರಿದದ್ದು. ಚೌಕಾಸಿ ಮಾಡಲು ಬಾಯಿ ಬರಲಿಲ್ಲ, ಕೇಳಿದಷ್ಟು ಕೊಟ್ಟು ತಂದೆ.

"ನಾರ್ತಿದೆ, ಬಿಸಾಕ್ರೀ" ಎನ್ನುತ್ತಾಳೆ ಹೆಂಡತಿ. ಮುಚ್ಚಳ ಒತ್ತಿ ಟೇಪು ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ವಾಸನೆ ಬರುತ್ತಲೇ ಇದೆ.