ಮಿಲ್ ಗೇಟ್, ಇಳ್ಕಳ್ರಿ!

ಹಿರಿಯೂರಿನ ಹತ್ತಿ ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಕೈಗಾರಿಕೆಗೆಂದೇ ಮೀಸಲಿದ್ದ ಆ ಜಾಗದಲ್ಲಿ ಅಂಗಡಿಯೂ ಕಟ್ಟಬಹುದೆಂದು ನಿಯಮ ಬದಲಾಗಿದ್ದೇ ತಡ, ಹರಾಜಿನಲ್ಲಿ ಹೆಚ್ಚಿಗೆ ಕೂಗಿದವರು ಅಲ್ಲೊಂದು ಶಾಪಿಂಗ್ ಕಾಂಪ್ಲೆಕ್ಸ್ ಎಬ್ಬಿಸಿದರು. ಬಾಗಿಲನ್ನು ಹೈವೇ ಕಡೆಗಿಟ್ಟು ಹಳೇ ಗೇಟಿಗೆ ಗೋಡೆ ಕಟ್ಟಿದರು. ಆ ಗೇಟಿನೆದುರು ಮಿಲ್ಲಿನ ಕಾಲದಿಂದಲೂ ಚಹಾ ಮಾರಿಕೊಂಡು ಬದುಕಿದ್ದ ಶರೀಫುನ್ನೀಸಾಳ ಅಂಗಡಿಯತ್ತ ನರಪಿಳ್ಳೆಯೂ ಸುಳಿಯದಂತಾಯಿತು.

ಬಸ್ ಕಂಡಕ್ಟರ್ ಕರಿಯಣ್ಣನ ನಾಲಿಗೆಗೆ ಮಾತ್ರ ಹೊಸ ಹೆಸರು ಹತ್ತಲೇ ಇಲ್ಲ. ಕಾಂಪ್ಲೆಕ್ಸಿಗೆ ಟಿಕೆಟ್ ಕೇಳಿದವರನ್ನೂ "ಮಿಲ್ ಗೇಟ್, ಇಳ್ಕಳ್ರಿ!" ಎಂದು ಗೋಡೆಯ ಮುಂದೆಯೇ ಇಳಿಸುತ್ತಿದ್ದ. ಬಾಗಿಲು ಕಾಣದೆ ಅವರು ಶರೀಫುನ್ನೀಸಾಳನ್ನು ಕೇಳುತ್ತಿದ್ದರು.

"ಸುತ್ತಾಕ್ಕೊಂಡು ಹೋಗ್ಬೇಕ್ರಿ. ಕುಂತ್ಕಳ್ರಿ, ಚಾ ಕುಡ್ದು ಹೋಗೀರಂತೆ."

ತಮ್ಮ ಗಿರಾಕಿಗಳೆಲ್ಲ ಗೋಡೆಯಾಚೆ ಚಹಾ ಕುಡಿಯುತ್ತ ಕೂತದ್ದನ್ನು ಮಾಲೀಕರು ಮಹಡಿಯಿಂದ ನೋಡಿದರು. ವ್ಯಾಪಾರಸ್ಥರು ಸುಮ್ಮನಿರುತ್ತಾರೆಯೇ? ಗೋಡೆ ಒಡೆಸಿ ಅವಳ ಬೆಂಚಿನ ಎದುರಿಗೇ ಇನ್ನೊಂದು ಬಾಗಿಲಿಟ್ಟರು.

ಅವತ್ತು ಶರೀಫುನ್ನೀಸಾ ಬಸ್ಸಿನ ಬಳಿಗೇ ಹೋಗಿ ಕರಿಯಣ್ಣನ ಕೈಗೆ ಬಿಸಿ ಲೋಟವಿಟ್ಟಳು. "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಣ್ಣ. ತಪ್ಪಿ ತಪ್ಪಿ ಇಳಿಸಿ ನನ್ ಗೇಟು ವಾಪಸ್ ಕೊಡಿಸ್ದೆ."

"ತಪ್ಪಿ ಅಂತ ಯಾರಂದ್ರು, ಶರೀಫಮ್ಮ?" ಎಂದ ಕರಿಯಣ್ಣ, ಲೋಟ ಖಾಲಿ ಮಾಡಿ ಫುಟ್‌ಬೋರ್ಡ್ ಹತ್ತಿದ. "ರೈಟ್, ರೈಟ್!"