ಲಾಹೋರ್ ಬಿದ್ದ ಸಂಜೆ

ದೀಪಾವಳಿ ಅಲ್ಲ, ಗಣಪತಿ ಬಿಡುವ ದಿನವೂ ಅಲ್ಲ. ಆದರೂ ನಿನ್ನೆ ಸಂಜೆ ಶಿವಮೊಗ್ಗದ ನಮ್ಮ ಬೀದಿ ತುಂಬ ಪಟಾಕಿ ಹೊಗೆ. ಗಡಿಯಾಚೆಯ ಯಾವುದೋ ಊರಿಗೆ ನಮ್ಮವರು ಬಾಂಬು ಹಾಕಿದರಂತೆ. ಕಿಟಕಿ ಮುಚ್ಚಿ ಕೂತೆ. ವಯಸ್ಸಾದವರಿಗೆ ಕೆಮ್ಮು ಒಳ್ಳೆಯ ನೆಪ ನೋಡಿ, ಯಾರೂ ಹೆಚ್ಚು ಕೆದಕುವುದಿಲ್ಲ.

ಅರವತ್ತೈದರ ಯುದ್ಧದ ಹೊತ್ತಿಗೆ ನಾನು ಭದ್ರಾವತಿ ನ್ಯೂ ಟೌನಿನ ಕ್ವಾರ್ಟರ್ಸಿಗೆ ಹೊಸ ಸೊಸೆ. ಆ ಸಾಲಿನಲ್ಲಿ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದನ್ನು ತವರಿನಿಂದ ತಂದವಳು ನಾನೇ ಎಂಬಂತೆ ಜಂಬಪಡುತ್ತಿದ್ದೆ. ಪಕ್ಕದ ಮನೆಯ ಖೈರುನ್‌ಬಿ ನಮ್ಮತ್ತೆಯ ಜೀವದ ಗೆಳತಿ. ಅವರ ಒಬ್ಬಳೇ ಮಗಳು ಜುಬೇದಾ ಇದ್ದದ್ದು ಲಾಹೋರಿನಲ್ಲಿ. ಅಳಿಯ ರೈಲ್ವೆಯವನು, ದೇಶ ಒಡೆದಾಗ ಕೆಲಸ ಯಾವ ಕಡೆ ಬೇಕೆಂದು ಸರ್ಕಾರ ಕೇಳಿತು, ಅವನು ಆ ಕಡೆ ಎಂದ. ಯುದ್ಧ ಶುರುವಾದ ಮೇಲೆ ಮಗಳ ಕಾಗದ ನಿಂತಿತ್ತು. ಖೈರುನ್‌ಬಿ ನಮ್ಮ ಮನೆಗೆ ವಾರ್ತೆ ಕೇಳಲು ಬರುವುದನ್ನೂ ನಿಲ್ಲಿಸಿದ್ದರು.

ಒಂದು ಸಂಜೆ ಲಾಹೋರ್ ಬಿತ್ತೆಂಬ ಸುದ್ದಿ ಹಬ್ಬಿತು. ರೇಡಿಯೋ ಹಾಗೆ ಹೇಳಿರಲಿಲ್ಲ. ಯಾರೋ ಹೇಳಿದರು, ಉಳಿದವರು ನಾವೂ ಕೇಳಿದೆವೆಂದರು. ಮಾವ ಕುಣಿಯುವುದೊಂದು ಬಾಕಿ. ಮನೆಮನೆಗೂ ಸಕ್ಕರೆ ಹಂಚಿ ಬಾ ಎಂದು ಅತ್ತೆಯ ಕೈಗೆ ತಟ್ಟೆ ಕೊಟ್ಟರು. ಸಿಹಿ ಹಂಚುವಾಗ ಒಂದು ಮನೆ ಬಿಟ್ಟರೆ ಆ ಮನೆಯ ಬಳಕೆ ಮುರಿದಂತೆ. ಕೊಟ್ಟರೆ ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟಂತೆ. ಅತ್ತೆ ಖೈರುನ್‌ಬಿಯ ಬಾಗಿಲಲ್ಲಿ ತಟ್ಟೆಗೆ ಸೆರಗು ಮುಚ್ಚಿ ನಿಂತರು, ಹಿಂದೆ ನಾನು. ಕೊನೆಗೆ, ಸೊಸೆ ಬಸುರಿ, ಅದಕ್ಕೇ ಸಿಹಿ ಎಂದುಬಿಟ್ಟರು. ನನಗೇ ಗೊತ್ತಿಲ್ಲದ ಬಸಿರು!

ಖೈರುನ್‌ಬಿ ನನ್ನ ಕೆನ್ನೆ ನೇವರಿಸಿ ನೆಟಿಗೆ ಮುರಿದರು. ಆಮೇಲೆ ಅತ್ತೆಯತ್ತ ಅಂಗೈ ಚಾಚಿದರು.

"ನಿಮ್ಗೆ ಸುಳ್ಳು ಹೇಳಕ್ಕೆ ಬರಲ್ಲ ಅಕ್ಕಾ. ಬೀದೀಲಿ ಕೂಗ್ತಿರೋದು ನನ್ಗೂ ಕೇಳ್ತದೆ. ಹಾಕಿ, ತಿಂತೀನಿ. ತಿನ್ಲಿಲ್ಲ ಅಂದ್ರೆ ನಾಳೆ ಈ ಸಾಲಲ್ಲಿ ಇರಕ್ಕಾಗ್ತದಾ?"

ತಿಂದರು. ನಮ್ಮೆದುರೇ, ಅಂಗೈ ಬರಿದಾಗುವವರೆಗೂ.

ಲಾಹೋರ್ ಬಿದ್ದೇ ಇರಲಿಲ್ಲ. ಸುದ್ದಿ ಸುಳ್ಳೆಂದು ಹೇಳಲು ಮಾತ್ರ ಯಾರೂ ಮನೆಮನೆಗೆ ಹೋಗಲಿಲ್ಲ. ಯುದ್ಧ ಮುಗಿಯಿತು, ಎರಡು ಕಡೆಯವರೂ ನಾವೇ ಗೆದ್ದೆವೆಂದರು. ಜುಬೇದಾಳ ಸುದ್ದಿ ಬರಲೇ ಇಲ್ಲ. ಖೈರುನ್‌ಬಿ ಕಾದು ಕಾದು ಕಣ್ಣು ಮುಚ್ಚಿದರು. ಗೆದ್ದೆವೆನ್ನುವವರನ್ನು ಕಂಡರೆ ನನಗೆ ಅಂದಿನಿಂದಲೂ ಮೈ ಉರಿಯುತ್ತದೆ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿಯೇಬಿಡೋಣವೆಂದು ನಿನ್ನೆ ಕಾದು ಕೂತಿದ್ದೆ. ಅವನು ಗೆಳೆಯರ ದಂಡು ಕಟ್ಟಿಕೊಂಡು ಬೀದಿಯಿಂದ ಒಳಗೆ ಬಂದ. ಮಾತಾಡಲು ಬಾಯಿ ತೆರೆದೆ. ತೆರೆದ ಬಾಯಿಗೆ ಪೇಡ ತುರುಕಿದ. ಅಷ್ಟೂ ಹುಡುಗರು ನನ್ನ ಮುಖವನ್ನೇ ನೋಡುತ್ತಿದ್ದರು. ಉಗುಳುವ ಧೈರ್ಯ ಬರಲಿಲ್ಲ. ನುಂಗಿದೆ.